ಡೈವೋರ್ಸ್ ಆದಮೇಲೆ ಜೀವನಾಂಶದ ಮೊತ್ತ ಬದಲಿಸಬೇಕೇ? ಎಲ್ಲಿಂದ ಶುರು ಮಾಡಬೇಕು, ಹೇಗೆ ಮಾಡಬೇಕು

2016ರಲ್ಲಿ ಫ್ಯಾಮಿಲಿ ಕೋರ್ಟು ತಿಂಗಳಿಗೆ 8,000 ರೂಪಾಯಿ ಜೀವನಾಂಶ ಅಂತ ಆದೇಶ ಮಾಡಿತ್ತು ಅಂದುಕೊಳ್ಳಿ. ಆಗ ಮಗಳು ಎಲ್‌ಕೆಜಿ. ಈಗ ಹೈಸ್ಕೂಲು, ಟ್ಯೂಷನ್ನು, ಸ್ಕೂಲ್ ವ್ಯಾನು. ಮನೆ ಬಾಡಿಗೆಯೂ ಏರಿದೆ. ಖಾತೆಗೆ ಬೀಳುವುದು ಮಾತ್ರ ಅದೇ 8,000. ಇನ್ನೊಂದು ಕಡೆ, ತಿಂಗಳಿಗೆ 40,000 ಕೊಡುತ್ತೇನೆ ಅಂತ ಒಪ್ಪಿಕೊಂಡಿದ್ದ ಐಟಿ ಉದ್ಯೋಗಿಗೆ ಲೇಆಫ್ ಆಗಿ, ಆರು ತಿಂಗಳು ಮನೆಯಲ್ಲಿ ಕೂತು, ಕೊನೆಗೆ ಅರ್ಧ ಸಂಬಳದ ಕೆಲಸ ಸಿಕ್ಕಿದೆ. ಆದೇಶದಲ್ಲಿ 40,000 ಹಾಗೇ ಇದೆ.

ಇಬ್ಬರಿಗೂ ಕಾನೂನಿನಲ್ಲಿ ದಾರಿ ಇದೆ. ಆದರೆ ಸಾಮಾನ್ಯವಾಗಿ ಆಗುವುದೇನು? ಒಬ್ಬರು ಮತ್ತೆ ಕೋರ್ಟು ಕಚೇರಿ ಅಂತ ಅಲೆಯುವುದು ಬೇಡಪ್ಪ ಅಂತ ಸುಮ್ಮನಿರುತ್ತಾರೆ. ಇನ್ನೊಬ್ಬರು ತಾವೇ ಲೆಕ್ಕ ಹಾಕಿ ಕಡಿಮೆ ದುಡ್ಡು ಹಾಕಲು ಶುರು ಮಾಡುತ್ತಾರೆ. ಈ ಎರಡನೆಯದು ತುಂಬಾ ಅಪಾಯ. ನಿಮ್ಮ ಪರಿಸ್ಥಿತಿ ಬದಲಾಯಿತು ಅಂತ ಆದೇಶ ತಾನಾಗಿ ಬದಲಾಗುವುದಿಲ್ಲ. ಕೋರ್ಟು ಬದಲಿಸುವವರೆಗೆ ಹಳೆ ಮೊತ್ತವೇ ಲೆಕ್ಕ, ಕೊಡದೆ ಉಳಿದದ್ದೆಲ್ಲ ಬಾಕಿ. ವಾಟ್ಸಾಪಿನಲ್ಲಿ "ಸರಿ, ಸದ್ಯಕ್ಕೆ 20,000 ಹಾಕು" ಅಂತ ಅವರೇ ಒಪ್ಪಿದ್ದರೂ ನಾಳೆ ಜಗಳ ಬಂದಾಗ ಆ ಮೆಸೇಜು ನಿಮ್ಮನ್ನು ಪೂರ್ತಿ ಕಾಪಾಡುತ್ತದೆ ಅಂತ ನಂಬಬೇಡಿ. ಹಾಗಾಗಿ ಜಾಸ್ತಿ ಬೇಕಿದ್ದರೂ, ಕಡಿಮೆ ಆಗಬೇಕಿದ್ದರೂ, ಬೇಗ ಅರ್ಜಿ ಹಾಕಿ.

ಮೊದಲು ಹಳೆ ಆದೇಶ ತೆಗೆದು ಓದಿ

ಎಷ್ಟೋ ಜನರಿಗೆ ತಮ್ಮ ಆದೇಶ ಯಾವ ಕಾನೂನಿನಡಿ ಆಗಿದೆ ಅನ್ನುವುದೇ ಗೊತ್ತಿರುವುದಿಲ್ಲ. ಎಲ್ಲ ಶುರುವಾಗುವುದು ಅಲ್ಲಿಂದ. ಸರ್ಟಿಫೈಡ್ ಕಾಪಿ ಕೈಯಲ್ಲಿ ಇಲ್ಲದಿದ್ದರೆ ಅದೇ ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ ಕೊಟ್ಟು ತೆಗೆದುಕೊಳ್ಳಿ. ಕೇಸ್ ನಂಬರ್ ಮರೆತಿದ್ದರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹೆಸರು, ವರ್ಷ ಹಾಕಿ ಹುಡುಕಬಹುದು.

ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 25ರಲ್ಲಿ ಶಾಶ್ವತ ಜೀವನಾಂಶ ಆಗಿದ್ದರೆ, ಬದಲಿಸಲು ಇರುವ ದಾರಿ 25(2). "ಶಾಶ್ವತ" ಅಂದ ಮಾತ್ರಕ್ಕೆ ಅದು ಶಿಲಾಶಾಸನ ಅಲ್ಲ. ಆದೇಶ ಆದ ನಂತರ ಇಬ್ಬರಲ್ಲಿ ಯಾರದೇ ಪರಿಸ್ಥಿತಿ ಬದಲಾಗಿದ್ದರೂ, ಇಬ್ಬರಲ್ಲಿ ಯಾರು ಬೇಕಾದರೂ, ಯಾವಾಗ ಬೇಕಾದರೂ ಕೇಳಬಹುದು. ಕೋರ್ಟು ಹೆಚ್ಚಿಸಬಹುದು, ಇಳಿಸಬಹುದು, ರದ್ದೂ ಮಾಡಬಹುದು. ಈ ಕಾಯ್ದೆಯಲ್ಲಿ ಗಂಡನೂ ಹೆಂಡತಿಯಿಂದ ಜೀವನಾಂಶ ಕೇಳಬಹುದು ಅನ್ನುವುದು ನೆನಪಿರಲಿ. ವಿಶೇಷ ವಿವಾಹ ಕಾಯ್ದೆಯಡಿ ರಿಜಿಸ್ಟರ್ ಮದುವೆ ಆಗಿದ್ದವರಿಗೆ ಇದೇ ಥರದ್ದು ಆ ಕಾಯ್ದೆಯ ಸೆಕ್ಷನ್ 37ರಲ್ಲಿದೆ, ಆದರೆ ಅಲ್ಲಿ ಜೀವನಾಂಶ ಕೇಳುವ ಹಕ್ಕು ಹೆಂಡತಿಗೆ ಮಾತ್ರ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆಯದ್ದೂ ಸೆಕ್ಷನ್ 37.

ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) ಸೆಕ್ಷನ್ 125ರಲ್ಲಿ ಆದ ಆದೇಶವಾದರೆ ಬದಲಿಸುವ ಸೆಕ್ಷನ್ 127. ಈಗ ಸಿಆರ್‌ಪಿಸಿ ಹೋಗಿ 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಬಂದಿದೆ. ಅದರಲ್ಲಿ 125ರ ಜಾಗದಲ್ಲಿ 144, 127ರ ಜಾಗದಲ್ಲಿ 146. ಅರ್ಜಿಯಲ್ಲಿ ಎರಡೂ ನಂಬರ್ ಬರೆದರೆ ಗೊಂದಲ ಕಡಿಮೆ. ಡೈವೋರ್ಸ್ ಆದ ಹೆಂಡತಿಯೂ ಮರುಮದುವೆ ಆಗುವವರೆಗೆ ಇಲ್ಲಿ ಜೀವನಾಂಶಕ್ಕೆ ಅರ್ಹಳು. ಮುಸ್ಲಿಂ ಮಹಿಳೆಯರಿಗೂ ಈ ದಾರಿ ಇದೆ ಅಂತ ಸುಪ್ರೀಂ ಕೋರ್ಟು 2024ರ ಜುಲೈನಲ್ಲಿ ಮತ್ತೊಮ್ಮೆ ಸ್ಪಷ್ಟವಾಗಿ ಹೇಳಿದೆ.

ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ (ಜನ ಡಿವಿ ಕೇಸು ಅನ್ನುವುದು ಇದನ್ನೇ) ಆಗಿದ್ದರೆ ಅಲ್ಲೂ ಒಂದು 25(2) ಇದೆ, ಹೋಗಬೇಕಾದದ್ದು ಮ್ಯಾಜಿಸ್ಟ್ರೇಟ್ ಕೋರ್ಟಿಗೆ.

ಒಬ್ಬರಿಗೇ ಎರಡು ಮೂರು ಕಡೆ ಆದೇಶ ಇರುವುದೂ ಉಂಟು. 2020ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ರಜನೇಶ್ ವಿರುದ್ಧ ನೇಹಾ ತೀರ್ಪು ಇದಕ್ಕೊಂದು ಶಿಸ್ತು ತಂದಿತು. ಹಳೆ ಆದೇಶಗಳನ್ನೆಲ್ಲ ಬಿಚ್ಚಿ ಹೇಳಲೇಬೇಕು. ಒಂದರಲ್ಲಿ ಕೊಡುವುದನ್ನು ಇನ್ನೊಂದರಲ್ಲಿ ಕಡಿತ ಮಾಡಿಕೊಳ್ಳಬಹುದು. ಯಾವ ಆದೇಶ ಬದಲಾಗಬೇಕೋ ಅದನ್ನು ಕೊಟ್ಟ ಕೋರ್ಟಿಗೇ ಹೋಗಬೇಕು. ಅಂದರೆ ಮೈಸೂರಿನ ಕೋರ್ಟು ಮಾಡಿದ ಆದೇಶವನ್ನು ಬೆಂಗಳೂರಿನಲ್ಲಿ ಹೊಸ ಕೇಸು ಹಾಕಿ ಸುತ್ತಿ ಬಳಸಿ ಬದಲಿಸಲು ಹೋಗಬೇಡಿ. ನೀವೀಗ ಊರು ಬಿಟ್ಟಿದ್ದು ಅಲ್ಲಿಗೆ ಓಡಾಡುವುದು ನಿಜಕ್ಕೂ ಕಷ್ಟವಾದರೆ, ಕೇಸನ್ನು ನಿಮ್ಮ ಊರಿಗೆ ವರ್ಗಾಯಿಸಿ ಅಂತ ಹೈಕೋರ್ಟಿಗೆ ಅರ್ಜಿ ಹಾಕಬಹುದು. ವಿದೇಶದ ಕೋರ್ಟು ಮಾಡಿದ ಆದೇಶವಾದರೆ ಬದಲಿಸುವ ಅರ್ಜಿಗೂ ಮೊದಲು ಅಲ್ಲಿಯ ವಕೀಲರನ್ನೇ ಕೇಳಬೇಕು.

ಕೋರ್ಟಿನ ಕಣ್ಣಲ್ಲಿ "ಬದಲಾವಣೆ" ಅಂದರೆ ಏನು

ಇಡೀ ಕೇಸು ನಿಂತಿರುವುದು ಇದರ ಮೇಲೆ. ನೀವು ತೋರಿಸಬೇಕಾದದ್ದು ಹಳೆ ಆದೇಶ ಆದ *ನಂತರ* ಬಂದ ಬದಲಾವಣೆ. "ಆಗಲೇ ಅವರಿಗೆ ಜಾಸ್ತಿ ಸಂಬಳ ಇತ್ತು, ಕೋರ್ಟಿಗೆ ಗೊತ್ತಾಗಲಿಲ್ಲ", "ಆಗ ನನ್ನ ವಕೀಲರು ಸರಿಯಾಗಿ ವಾದ ಮಾಡಲಿಲ್ಲ" ಇವೆಲ್ಲ ಬದಲಾವಣೆ ಅಲ್ಲ. ಅದಕ್ಕೆ ಅಪೀಲು ಅಂತ ಬೇರೆ ದಾರಿ ಇತ್ತು. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕದಿಂದಲೇ ಹೋದ ಒಂದು ಡಿವಿ ಕೇಸಿನಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿತು. ಹಳೆ ಆದೇಶ ಅಂತಿಮವಾಗಿ ವರ್ಷಗಟ್ಟಲೆ ಆದಮೇಲೆ ಗಂಡ ಅದನ್ನು ರದ್ದು ಮಾಡಿ, ಇಲ್ಲಿಯವರೆಗೆ ಕೊಟ್ಟಿದ್ದನ್ನೆಲ್ಲ ವಾಪಸು ಕೊಡಿಸಿ ಅಂತ ಕೇಳಿದ್ದರು. ವಾಪಸು ಕೇಳುವಂತಿಲ್ಲ, ಬದಲಾವಣೆ ಏನಿದ್ದರೂ ಆದೇಶದ ನಂತರದ್ದೇ ಆಗಿರಬೇಕು, ಮುಂದಕ್ಕೆ ಮಾತ್ರ ಅನ್ವಯ ಅಂತ ತೀರ್ಪು ಬಂತು.

ಹೆಚ್ಚಿಸಿ ಅಂತ ಕೇಳುವವರ ಕಡೆ ಗಟ್ಟಿಯಾಗಿ ನಿಲ್ಲುವ ಕಾರಣಗಳೆಂದರೆ ಮಕ್ಕಳ ಓದಿನ ಖರ್ಚು, ಕಾಯಿಲೆ, ಬಾಡಿಗೆ, ಬೆಲೆ ಏರಿಕೆ, ಕೊಡುವವರ ಸಂಬಳ ಏರಿದ್ದು. ಮಾಜಿ ಗಂಡ ರಾಜ್ಯ ಸರ್ಕಾರಿ ನೌಕರರಾಗಿದ್ದರೆ ಒಂದು ಅನುಕೂಲ ಇದೆ, ಸಂಬಳ ಏರಿದ್ದು ಗುಟ್ಟಲ್ಲ. ಕರ್ನಾಟಕದಲ್ಲಿ 7ನೇ ವೇತನ ಆಯೋಗದ ಪರಿಷ್ಕರಣೆ 2024ರ ಆಗಸ್ಟ್ 1ರಿಂದ ಜಾರಿಗೆ ಬಂತು, ಕನಿಷ್ಠ ಮೂಲ ವೇತನವೇ 17,000ದಿಂದ 27,000ಕ್ಕೆ ಹೋಯಿತು. ನಿಮ್ಮ ಆದೇಶ ಅದಕ್ಕಿಂತ ಮುಂಚಿನದಾದರೆ ಅರ್ಜಿಯಲ್ಲಿ ಇದನ್ನು ಬರೆಯದೆ ಬಿಡಬೇಡಿ.

ಆದರೆ ಅವರ ಸಂಬಳ ಏರಿದಷ್ಟೇ ಪ್ರಮಾಣದಲ್ಲಿ ನಿಮ್ಮದೂ ಏರುತ್ತದೆ ಅನ್ನುವ ಲೆಕ್ಕ ಬೇಡ. 2024ರ ಡಿಸೆಂಬರಿನ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಜೀವನಾಂಶ ಇರುವುದು ಹೆಂಡತಿ ಗೌರವದಿಂದ ಬದುಕಲು, ಇಬ್ಬರ ಆಸ್ತಿಯನ್ನು ಸರಿಸಮ ಮಾಡಲು ಅಲ್ಲ ಅಂತ ಹೇಳಿದೆ. ಬೇರೆಯಾದ ಮೇಲೆ ಗಂಡ ಮೇಲೆ ಬಂದರೆ ಅದೆಲ್ಲದರಲ್ಲೂ ಪಾಲು ಕೇಳಲಾಗದು ಅನ್ನುವುದು ಅದರ ಧಾಟಿ. ಅದೇ ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಇನ್ನೊಂದು ಕೇಸಿನಲ್ಲಿ ತಿಂಗಳ 20,000 ಇದ್ದದ್ದನ್ನು 50,000 ಮಾಡಿ, ಪ್ರತಿ ಎರಡು ವರ್ಷಕ್ಕೆ 5% ಏರಿಕೆ ಅಂತಲೂ ಸೇರಿಸಿತು. ಮದುವೆ ಕಾಲದಲ್ಲಿದ್ದ ಜೀವನ ಮಟ್ಟವನ್ನೂ, ಬೆಲೆ ಏರಿಕೆಯನ್ನೂ ಅಲ್ಲಿ ನೋಡಿದರು. ನಿಮ್ಮ ಕೇಸು ಇವೆರಡರಲ್ಲಿ ಯಾವ ಕಡೆ ವಾಲುತ್ತದೆ ಅನ್ನುವುದು ನಿಮ್ಮ ಕಾಗದ ಪತ್ರದ ಮೇಲೆ.

ಕಡಿಮೆ ಮಾಡಿ ಅಂತ ಕೇಳುವವರಿಗೆ ಕೆಲಸ ಹೋದದ್ದು, ನಿವೃತ್ತಿ, ದೊಡ್ಡ ಕಾಯಿಲೆ, ಹೆಂಡತಿಗೆ ಒಳ್ಳೆ ಕೆಲಸ ಸಿಕ್ಕಿದ್ದು, ಇವೆಲ್ಲ ನಡೆಯುವ ಕಾರಣಗಳು. ಕೋರ್ಟು ಮೊದಲು ನೋಡುವುದು ಇದು ತಾನಾಗಿ ಬಂದ ಕಷ್ಟವೋ, ಬೇಕೆಂದೇ ತಂದುಕೊಂಡದ್ದೋ ಅಂತ. ಅರ್ಜಿ ಹಾಕುವ ಮುಂಚೆ ರಾಜೀನಾಮೆ ಕೊಟ್ಟು "ನಾನು ನಿರುದ್ಯೋಗಿ" ಅಂದರೆ ಯಾರೂ ನಂಬುವುದಿಲ್ಲ. ಮೈಯಲ್ಲಿ ಶಕ್ತಿ ಇರುವ ಗಂಡ ಕೂಲಿ ಮಾಡಿಯಾದರೂ ಸಾಕಬೇಕು ಅಂತ ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದ್ದನ್ನು ಎದುರು ಪಕ್ಷದ ವಕೀಲರು ಎತ್ತೇ ಎತ್ತುತ್ತಾರೆ. ಲೋನ್ ಕಂತು ಕಟ್ಟಿ ಕೈಗೆ ಇಷ್ಟೇ ಉಳಿಯುತ್ತದೆ ಅನ್ನುವ ವಾದಕ್ಕೂ ಅಷ್ಟೇ ಗತಿ. ಪಿಎಫ್, ಎಲ್‌ಐಸಿ ಪ್ರೀಮಿಯಂ, ಫೆಸ್ಟಿವಲ್ ಅಡ್ವಾನ್ಸ್ ಥರದ ಕಡಿತಗಳನ್ನು ತೋರಿಸಿ ಜೀವನಾಂಶ ಇಳಿಸುವಂತಿಲ್ಲ ಅಂತ ಕರ್ನಾಟಕ ಹೈಕೋರ್ಟೇ 2024ರಲ್ಲಿ ಹೇಳಿ, ಗಂಡನಿಗೆ ದಂಡವನ್ನೂ ಹಾಕಿತ್ತು.

ಎರಡನೇ ಮದುವೆ ವಿಷಯ ಎರಡು ಕಡೆಗೂ ಬರುತ್ತದೆ. ಕೊಡುವವರು ಮರುಮದುವೆ ಆಗಿ ಮಗು ಆಗಿದ್ದರೆ ಅದನ್ನು ಕೋರ್ಟು ಪರಿಗಣಿಸುತ್ತದೆ. 2017ರ ಒಂದು ಕೇಸಿನಲ್ಲಿ ಕೈಗೆ ಬರುವ ಸಂಬಳದ 25% ಜೀವನಾಂಶ ನ್ಯಾಯವಾದದ್ದು ಅಂದ ಸುಪ್ರೀಂ ಕೋರ್ಟು, ಹೊಸ ಸಂಸಾರದ ಕಾರಣಕ್ಕೆ 23,000 ಇದ್ದದ್ದನ್ನು 20,000ಕ್ಕೆ ಇಳಿಸಿತು. ಇಳಿದದ್ದು 3,000 ಅಷ್ಟೇ, ಅದನ್ನು ಗಮನಿಸಿ. ಜನ ಈ 25% ಅನ್ನು ಕಾನೂನು ಅಂದುಕೊಂಡು ಓಡಾಡುತ್ತಾರೆ. ಅದು ಕಾನೂನಲ್ಲ, ಒಂದು ಅಂದಾಜು.

ಪಡೆಯುವ ಹೆಂಡತಿ ಮರುಮದುವೆ ಆದರೆ ಕಾನೂನಿನಿಂದ ಕಾನೂನಿಗೆ ವ್ಯತ್ಯಾಸ ಇದೆ. ಸಿಆರ್‌ಪಿಸಿ 127ರಲ್ಲಿ (ಈಗ 146) ಮರುಮದುವೆ ಆದ ದಿನದಿಂದಲೇ ಆದೇಶ ರದ್ದು ಮಾಡಬೇಕು. ಹಿಂದೂ ವಿವಾಹ ಕಾಯ್ದೆಯ 25(3)ರಲ್ಲಿ ಕೋರ್ಟು ರದ್ದು ಮಾಡ*ಬಹುದು*, ಬದಲಿಸಲೂಬಹುದು, ಅದು ಕೋರ್ಟಿನ ವಿವೇಚನೆ. ಎರಡರಲ್ಲೂ ಅರ್ಜಿ ಹಾಕುವ ಕೆಲಸ ನಿಮ್ಮದೇ. ಅದೇ 25(3)ರಲ್ಲಿ ನಡತೆಯ ವಿಷಯವೂ ಇದೆ. ಅದನ್ನು ಹಿಡಿದು ಇನ್‌ಸ್ಟಾಗ್ರಾಂ ಫೋಟೊ ತೋರಿಸಿ ಕೇಸು ಗೆಲ್ಲುತ್ತೇವೆ ಅಂತ ಹೊರಡುವವರಿದ್ದಾರೆ. ನನ್ನ ಪ್ರಕಾರ ಗಟ್ಟಿ ಸಾಕ್ಷಿ ಇಲ್ಲದೆ ಆ ಕೆಸರಿಗೆ ಇಳಿಯಬೇಡಿ, ಕೇಸು ಎಳೆಯುತ್ತದೆ ಅಷ್ಟೇ, ಮಕ್ಕಳಿದ್ದರಂತೂ ಅವರ ಕಿವಿಗೂ ಬೀಳುತ್ತದೆ.

ಕಾಗದ ಪತ್ರ ಕೂಡಿಸಿಕೊಳ್ಳುವುದು

ವಕೀಲರ ಹತ್ತಿರ ಹೋಗುವ ಮುಂಚೆಯೇ ಈ ಕೆಲಸ ಮುಗಿಸಿಕೊಂಡರೆ ಸಮಯ, ಫೀಸು ಎರಡೂ ಉಳಿಯುತ್ತವೆ. ಹಳೆ ಆದೇಶ ಆದ ವರ್ಷದ ಲೆಕ್ಕ ಒಂದು ಕಡೆ, ಈಗಿನ ಲೆಕ್ಕ ಇನ್ನೊಂದು ಕಡೆ ಇಡಿ. ಬಾಡಿಗೆ ಕರಾರು, ಶಾಲೆ ಫೀಸಿನ ರಸೀದಿ, ಆಸ್ಪತ್ರೆ ಬಿಲ್ಲು, ಔಷಧಿ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಜೀವನಾಂಶ ಬಂದ ಅಥವಾ ಕೊಟ್ಟ ಪ್ರತಿ ತಿಂಗಳ ದಾಖಲೆ. ಇಳಿಸಲು ಕೇಳುವವರಾದರೆ ಕೆಲಸದಿಂದ ತೆಗೆದ ಪತ್ರ, ಹಳೆ ಮತ್ತು ಹೊಸ ಸ್ಯಾಲರಿ ಸ್ಲಿಪ್, ಫಾರಂ 16, ಐಟಿ ರಿಟರ್ನ್. ಬೇರೆ ಕೆಲಸ ಹುಡುಕುತ್ತಿದ್ದೀರಿ ಅಂತ ತೋರಿಸುವ ಇಮೇಲ್‌ಗಳನ್ನೂ ಇಟ್ಟುಕೊಳ್ಳಿ, ಕೋರ್ಟಿಗೆ ಪ್ರಾಮಾಣಿಕತೆ ಕಾಣುವುದು ಅಲ್ಲಿ.

ಇದರ ಜೊತೆಗೆ ಇಬ್ಬರೂ ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ (ಅಫಿಡವಿಟ್) ಕೊಡಬೇಕಾಗುತ್ತದೆ. ರಜನೇಶ್ ತೀರ್ಪಿನಲ್ಲಿ ಇದಕ್ಕೆ ನಮೂನೆಯೇ ಇದೆ, ಬೇಸಾಯದವರಿಗೆ ಬೇರೆ ನಮೂನೆ. ಊರಲ್ಲಿ ಜಮೀನಿದ್ದರೆ ಪಹಣಿ ತೆಗೆಸಿ. ಎದುರು ಪಕ್ಷದವರು ಜಮೀನೇ ಇಲ್ಲ ಅಂದರೂ ಸರ್ವೆ ನಂಬರ್ ಗೊತ್ತಿದ್ದರೆ ಭೂಮಿ ಜಾಲತಾಣದಲ್ಲಿ ಯಾರು ಬೇಕಾದರೂ ಪಹಣಿ ನೋಡಬಹುದು. ಅವರ ಸಂಬಳದ ದಾಖಲೆ ನಿಮಗೆ ಸಿಗದಿದ್ದರೆ ಕಂಪನಿಯಿಂದ ತರಿಸಿ ಅಂತ ಕೋರ್ಟನ್ನೇ ಕೇಳಬಹುದು, ಫೋನ್ ಕದ್ದು ನೋಡುವ ಅಗತ್ಯವಿಲ್ಲ. ಪ್ರಮಾಣಪತ್ರದಲ್ಲಿ ಮುಚ್ಚಿಡಬೇಡಿ. ಸುಳ್ಳು ಸಿಕ್ಕಿಬಿದ್ದರೆ ಅದಕ್ಕೇ ಬೇರೆ ಕ್ರಮ ಆಗಬಹುದು. ಅದಕ್ಕಿಂತ ಹೆಚ್ಚಾಗಿ, ನೀವು ಹೇಳುವ ಉಳಿದ ನಿಜವನ್ನೂ ಜಡ್ಜು ಅನುಮಾನದಿಂದ ನೋಡುತ್ತಾರೆ.

ಕೇಳುವ ಮೊತ್ತಕ್ಕೂ ಲೆಕ್ಕ ಇರಲಿ. 2024ರಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ತಿಂಗಳಿಗೆ 6 ಲಕ್ಷಕ್ಕೂ ಮೇಲೆ ಖರ್ಚಿದೆ ಅಂತ ಪಟ್ಟಿ ಕೊಟ್ಟ ಒಂದು ಕೇಸಿನಲ್ಲಿ ನ್ಯಾಯಮೂರ್ತಿಗಳು ಗದರಿಸಿದ ವಿಡಿಯೊ ಎಲ್ಲರ ಫೋನಿಗೂ ಬಂದಿತ್ತು, ಅಲ್ವಾ?

ಅರ್ಜಿ ಹಾಕುವುದು, ಆಮೇಲೆ ನಡೆಯುವುದು

ಅರ್ಜಿಯಲ್ಲಿ ಇರಬೇಕಾದದ್ದು ಇಷ್ಟು. ಹಳೆ ಆದೇಶದ ದಿನಾಂಕ ಮತ್ತು ಮೊತ್ತ, ಅವತ್ತಿನ ಪರಿಸ್ಥಿತಿ, ಆಮೇಲೆ ಏನು ಬದಲಾಯಿತು, ಈಗ ಎಷ್ಟು ಬೇಕು, ಯಾವ ದಿನದಿಂದ ಬೇಕು. ಕೊನೆಯದನ್ನು ಎಷ್ಟೋ ಜನ ಬಿಟ್ಟುಬಿಡುತ್ತಾರೆ. "ಈ ಅರ್ಜಿ ಹಾಕಿದ ದಿನದಿಂದ ಅನ್ವಯ ಆಗಲಿ" ಅಂತ ಬಾಯಿಬಿಟ್ಟು ಕೇಳಿ, ಇಲ್ಲದಿದ್ದರೆ ಕೇಸು ಎರಡು ವರ್ಷ ಎಳೆದರೆ ಆ ಎರಡು ವರ್ಷ ನಿಮ್ಮ ಕೈ ತಪ್ಪಬಹುದು. ಪರಿಸ್ಥಿತಿ ತೀರಾ ಬಿಗಿಯಾಗಿದ್ದರೆ ಕೇಸು ಮುಗಿಯುವವರೆಗೆ ಮಧ್ಯಂತರ ಆದೇಶ ಕೊಡಿ ಅಂತ ಐ.ಎ. (ಮಧ್ಯಂತರ ಅರ್ಜಿ) ಹಾಕಿ. ಹೆಚ್ಚಿಸಲು ಕೇಳುವವರು ಪ್ರತಿ ಎರಡು ಅಥವಾ ಮೂರು ವರ್ಷಕ್ಕೆ ಇಂತಿಷ್ಟು ಶೇಕಡಾ ಏರಿಕೆ ಅಂತಲೂ ಕೇಳಿ, ಮತ್ತೆ ಮತ್ತೆ ಕೋರ್ಟಿಗೆ ಬರುವ ತಾಪತ್ರಯ ತಪ್ಪುತ್ತದೆ.

ವಕೀಲರ ಫೀಸು ಕೊಡಲು ಆಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅಥವಾ ತಾಲ್ಲೂಕು ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಮಹಿಳೆಯರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಗಂಡಸರಿಗೆ ಆದಾಯದ ಮಿತಿ ಇದೆ. ಬೆಂಗಳೂರಿನವರಿಗೆ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲೇ ಫ್ಯಾಮಿಲಿ ಕೋರ್ಟು, ಮಧ್ಯಸ್ಥಿಕೆ ಕೇಂದ್ರ ಎರಡೂ ಇವೆ.

ನೋಟಿಸ್ ಹೋದಮೇಲೆ ಎದುರು ಪಕ್ಷದವರು ನಾಲ್ಕು ವಾರದೊಳಗೆ ಆಕ್ಷೇಪಣೆ ಮತ್ತು ತಮ್ಮ ಪ್ರಮಾಣಪತ್ರ ಕೊಡಬೇಕು ಅನ್ನುವುದು ಅದೇ ರಜನೇಶ್ ತೀರ್ಪಿನ ಸೂಚನೆ. ವಾಸ್ತವದಲ್ಲಿ ಮುದ್ದತ್ತಿನ ಮೇಲೆ ಮುದ್ದತ್ತು ಕೇಳುತ್ತಾರೆ. ಆಗ ಈ ತೀರ್ಪನ್ನು ನೆನಪಿಸಿ ನಿಮ್ಮ ವಕೀಲರು ತಕರಾರು ಎತ್ತಲಿ. ಮಧ್ಯಸ್ಥಿಕೆಗೆ ಕಳಿಸಿದರೆ ಮೂಗು ಮುರಿಯಬೇಡಿ. ಡೈವೋರ್ಸ್ ಸಮಯದ ಕೋಪ ಈಗ ಇರುವುದಿಲ್ಲ, ಮೊತ್ತದ ವಿಷಯ ಒಂದೆರಡು ಸಿಟ್ಟಿಂಗ್‌ನಲ್ಲಿ ಮುಗಿದುಹೋಗುವುದೂ ಉಂಟು. ಒಪ್ಪಂದ ಆದರೆ ಅದನ್ನು ಕೋರ್ಟಿನ ದಾಖಲೆಗೆ ಸೇರಿಸಿ ಆದೇಶ ಮಾಡಿಸಿಕೊಳ್ಳಿ, ಬರೀ ಸ್ಟ್ಯಾಂಪ್ ಪೇಪರಿನ ಮೇಲೆ ಬಿಟ್ಟು ಬರಬೇಡಿ.

ಅಲ್ಲಿಯವರೆಗೆ ಹಳೆ ಮೊತ್ತ ನಿಲ್ಲಿಸಬೇಡಿ

ಕೊಡುವವರು ಇದನ್ನು ಎರಡು ಸಲ ಓದಿ. ಅರ್ಜಿ ಹಾಕಿದ್ದೇ ತಡೆಯಾಜ್ಞೆ ಅಲ್ಲ. ಪೂರ್ತಿ ಆಗದಿದ್ದರೆ ಆದಷ್ಟು ಹಾಕಿ, ಬ್ಯಾಂಕ್ ಮೂಲಕವೇ ಹಾಕಿ, ಕೈಗೆ ನಗದು ಕೊಡಬೇಡಿ. ಬಾಕಿ ವಸೂಲಿಗೆ 125ರಡಿ ವಾರಂಟ್ ಹೊರಡಿಸಬಹುದು, ಆಗಲೂ ಕೊಡದಿದ್ದರೆ ಜೈಲಿಗೂ ಕಳಿಸಬಹುದು. ಹಿಂದೂ ವಿವಾಹ ಕಾಯ್ದೆಯ ಆದೇಶವಾದರೆ ಅಮಲ್ಜಾರಿ ಅರ್ಜಿ (ಆದೇಶ ಜಾರಿ ಮಾಡಿಸಿ ಅಂತ ಕೇಳುವ ಅರ್ಜಿ) ಹಾಕಿ ಸಂಬಳ ಜಪ್ತಿ ಮಾಡಿಸಬಹುದು. ಬೇರೆ ಸಾಲಗಳಿಗಿಂತ ಜೀವನಾಂಶಕ್ಕೆ ಕಾನೂನು ಬಿಗಿ, ಸಂಬಳದ ಮೂರನೇ ಒಂದು ಭಾಗಕ್ಕೆ ಮಾತ್ರ ಜಪ್ತಿಯಿಂದ ರಕ್ಷಣೆ.

ಪಡೆಯುವವರಿಗೂ ಒಂದು ಗಡುವು ಇದೆ. 125ರ ಬಾಕಿಗೆ ವಾರಂಟ್ ಬೇಕಾದರೆ ಅದು ಕೊಡಬೇಕಾಗಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಮೂರು ವರ್ಷ ಸುಮ್ನೆ ಕೂತು ಆಮೇಲೆ ಒಟ್ಟಿಗೆ ಕೇಳೋಣ ಅಂದರೆ ಹಳೆಯದು ಕೈಬಿಟ್ಟು ಹೋಗಬಹುದು. ಹೆಚ್ಚಿಸುವ ಅರ್ಜಿ ಬೇರೆ, ಬಾಕಿ ವಸೂಲಿ ಅರ್ಜಿ ಬೇರೆ. ಎರಡನ್ನೂ ಜೊತೆಜೊತೆಗೆ ನಡೆಸಬಹುದು.

ಒಂದೇ ಸಲ ಇಡಿಗಂಟು ತೆಗೆದುಕೊಂಡಿದ್ದರೆ

ಪರಸ್ಪರ ಒಪ್ಪಿಗೆಯ ಡೈವೋರ್ಸಿನಲ್ಲಿ "ಇನ್ನು ಮುಂದೆ ಏನೂ ಕೇಳುವುದಿಲ್ಲ" ಅಂತ ಬರೆದು 10 ಲಕ್ಷವೋ 20 ಲಕ್ಷವೋ ತೆಗೆದುಕೊಂಡಿದ್ದರೆ, ಮತ್ತೆ ತೆರೆಯುವುದು ತುಂಬಾ ಕಷ್ಟ. ಕೊಟ್ಟವರೂ ಅಷ್ಟೇ, ಆಮೇಲೆ ಆಕೆಗೆ ಕೆಲಸ ಸಿಕ್ಕಿತು ಅಂತ ವಾಪಸು ಕೇಳಲಾಗದು. ಮೋಸದಿಂದ ಸಹಿ ಹಾಕಿಸಿದ್ದರೆ, ಒಪ್ಪಿದ ದುಡ್ಡು ಪೂರ್ತಿ ಕೊಡದೇ ಇದ್ದರೆ ಮಾತು ಬೇರೆ. ಅದಕ್ಕೆ ಆ ಡಿಕ್ರಿ ಹಿಡಿದುಕೊಂಡು ವಕೀಲರನ್ನು ಕಾಣಿ.

ಮಕ್ಕಳದ್ದು ಮಾತ್ರ ಈ ಲೆಕ್ಕಕ್ಕೆ ಸೇರುವುದಿಲ್ಲ. ಮಗುವಿನ ಹಕ್ಕನ್ನು ತಾಯಿ ಬಿಟ್ಟುಕೊಟ್ಟೆ ಅಂತ ಬರೆದುಕೊಡಲು ಬರುವುದಿಲ್ಲ. ನಿಮ್ಮ ಜೀವನಾಂಶ ಮುಗಿದಿದ್ದರೂ ಮಗುವಿನ ಹೆಸರಿನಲ್ಲಿ ಕೇಳಬಹುದು. ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 26ರಲ್ಲಿ ಮಕ್ಕಳ ಖರ್ಚಿನ ಆದೇಶವನ್ನು ಆಗಾಗ ಬದಲಿಸಲು ಅವಕಾಶ ಇದೆ. ಮಗನಿಗೆ 18 ತುಂಬಿದರೆ 125ರ ಹಕ್ಕು ಸಾಮಾನ್ಯವಾಗಿ ನಿಲ್ಲುತ್ತದೆ. ಮದುವೆಯಾಗದ ಮಗಳು 18 ದಾಟಿದಮೇಲೆ, ತನ್ನನ್ನು ತಾನು ನೋಡಿಕೊಳ್ಳಲು ಆಗದಿದ್ದರೆ, 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20(3)ರಲ್ಲಿ ತಂದೆಯನ್ನು ಕೇಳಬಹುದು. ಪಿಯುಸಿ ಮುಗಿಸಿ ಎಂಜಿನಿಯರಿಂಗ್ ಸೇರುವ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ, ಹಾಗಾಗಿ ಅದಕ್ಕೂ ಮುಂಚೆ ಯೋಚಿಸಿ.

ಆದೇಶ ಬಂದಮೇಲೆ

ಸರ್ಟಿಫೈಡ್ ಕಾಪಿಗೆ ಅವತ್ತೇ ಅರ್ಜಿ ಹಾಕಿ. ಆದೇಶ ಒಪ್ಪಿಗೆ ಆಗದಿದ್ದರೆ ಫ್ಯಾಮಿಲಿ ಕೋರ್ಟ್ ಕಾಯ್ದೆಯ ಸೆಕ್ಷನ್ 19ರಲ್ಲಿ ಹೈಕೋರ್ಟಿಗೆ ಅಪೀಲು, ಗಡುವು 30 ದಿನ. 125 ಅಥವಾ 144ರ ಆದೇಶವಾದರೆ ಅಪೀಲಲ್ಲ, ರಿವಿಷನ್ (ಪುನರ್‌ಪರಿಶೀಲನಾ) ಅರ್ಜಿ, ಹೈಕೋರ್ಟಿನಲ್ಲಿ ಅದನ್ನು ಆರ್‌ಪಿಎಫ್‌ಸಿ ಅನ್ನುತ್ತಾರೆ. ಡಿವಿ ಕೇಸಿನ ಆದೇಶಕ್ಕೆ ಸೆಷನ್ಸ್ ಕೋರ್ಟಿನಲ್ಲಿ ಅಪೀಲು, ಅದಕ್ಕೂ 30 ದಿನ. ಉತ್ತರ ಕರ್ನಾಟಕದವರು ಹೈಕೋರ್ಟಿಗಾಗಿ ಬೆಂಗಳೂರಿಗೆ ಬರಬೇಕಿಲ್ಲ, ಧಾರವಾಡ, ಕಲಬುರಗಿ ಪೀಠಗಳಿವೆ.

ಒಪ್ಪಿಗೆ ಆಗಿದ್ದರೆ ಹೊಸ ಮೊತ್ತಕ್ಕೆ ಬ್ಯಾಂಕಿನಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಹಾಕಿಸಿ. ಸಂಬಳ ಮೊದಲೇ ಜಪ್ತಿಯಲ್ಲಿದ್ದರೆ ಮೊತ್ತ ಬದಲಾದದ್ದನ್ನು ಕೋರ್ಟಿನ ಮೂಲಕವೇ ಕಂಪನಿಗೆ ತಿಳಿಸಿ, ಇಲ್ಲದಿದ್ದರೆ ಅಕೌಂಟ್ಸ್ ವಿಭಾಗದವರು ಹಳೆ ಮೊತ್ತವನ್ನೇ ಕಡಿಯುತ್ತಾ ಹೋಗುತ್ತಾರೆ. ಏರಿಕೆಯ ಷರತ್ತು ಇದ್ದರೆ ಮುಂದಿನ ಏರಿಕೆಯ ತಿಂಗಳನ್ನು ಇಬ್ಬರೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.